ಪುರಾವೆಯ ಸಂಡಿಗೆ

ನಮ್ಮ ನೆಗೆಣ್ಣಿಯ ಮನೆಗೆ ಹೋದವರು ಸಂಡಿಗೆಗೆ ಕೈ ಹಾಕುವ ಮೊದಲು ಒಂದು ಮಾತು ಕೇಳಿಕೊಳ್ಳಬೇಕು: "ಇದು ತಿನ್ನೂ ಸಂಡಿಗಿನೋ, ಪುರಾವೆ ಸಂಡಿಗಿನೋ?" ಕೇಳದೆ ತಿಂದವರು ಇದ್ದಾರೆ. ಅವರಲ್ಲಿ ನಮ್ಮ ಮನೆಯವರೂ ಒಬ್ಬರು. ಆ ದಿನ ಅವರು ಅನುಭವಿಸಿದ್ದನ್ನು ನೋಡಿದ ಮೇಲೆ, ಕೋರ್ಟಿನಲ್ಲಿ ಸಾಕ್ಷಿ ನಾಶ ಮಾಡಿದವರಿಗೆ ಕೊಡುವ ಶಿಕ್ಷೆ ಬಹಳ ಹಗುರ ಅಂತ ನನಗೆ ಅನ್ನಿಸಿದೆ!

ನೆಗೆಣ್ಣಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಬ್ಯಾಡಗಿಯಲ್ಲಿ ಒಂದೇ ಅಂಗಳದ ಎರಡು ಮನೆಗಳಲ್ಲಿ ನಾವು ಇದ್ದೇವೆ. ನಡುವೆ ಒಂದು ಗೋಡೆ, ಗೋಡೆಗೆ ಒಂದು ಬಾಗಿಲು, ಬಾಗಿಲಿಗೆ ಚಿಲಕವಿಲ್ಲ. ಅತ್ತೆಯವರು ಎರಡೂ ಮನೆಗೆ ಸೇರಿದವರು. ಬೆಳಗಿನ ಚಹಾ ನೆಗೆಣ್ಣಿಯ ಕಡೆ, ಸಂಜೆಯ ಚಹಾ ನಮ್ಮ ಕಡೆ, ನಡುವಿನ ಹೊತ್ತೆಲ್ಲ ಅಂಗಳದ ಕಟ್ಟೆಯ ಮೇಲೆ ಕುಳಿತು ಎರಡೂ ಚಹಾಗಳಿಗೆ ಹೆಸರಿಡುವುದು, ಅಂದರೆ ಕೊರತೆ ಹುಡುಕುವುದು. ಒಂದರಲ್ಲಿ ಸಕ್ಕರೆ ಕಡಿಮೆ, ಇನ್ನೊಂದರಲ್ಲಿ ಪ್ರೀತಿ ಕಡಿಮೆ. ಯಾವುದರಲ್ಲಿ ಯಾವುದು ಅಂತ ನಾನು ಕೇಳಲು ಹೋಗಿಲ್ಲ. ದೇವರು ನನಗೆ ಅಷ್ಟು ಬುದ್ಧಿ ಕೊಟ್ಟಿದ್ದಾನೆ.

ನೆಗೆಣ್ಣಿಗೆ ಯಾವುದನ್ನೂ ಪರೀಕ್ಷೆ ಮಾಡದೆ ನಂಬಿ ಗೊತ್ತಿಲ್ಲ. ಕದರಮಂಡಲಗಿ ಆಂಜನೇಯನಿಗೆ ಕಾಯಿ ಒಯ್ಯುವಾಗ ಅಂಗಡಿಯ ಕಾಯಿಗಳನ್ನೆಲ್ಲ ಒಂದೊಂದಾಗಿ ಕಿವಿಗೆ ಹಿಡಿದು, ಯಾರದೋ ಫೋನು ಬಂದವರ ಹಾಗೆ ಗಂಭೀರವಾಗಿ ಕೇಳುತ್ತಾಳೆ. ಹಿಂದೆ ನಿಂತವರು "ಯಾರಂತ್ರಿ?" ಅಂತ ಕೇಳಿದ್ದೂ ಉಂಟು. ದೇವರಗುಡ್ಡದ ಮೈಲಾರಲಿಂಗನಲ್ಲಿಗೆ ಹೋದಾಗಂತೂ ಪ್ರಸಾದಕ್ಕೆಂದು ಕೊಂಡ ಭಂಡಾರದಲ್ಲಿ ಒಂದು ಚಿಟಿಕೆಯನ್ನು ಲೋಟದ ನೀರಿಗೆ ಹಾಕಿ, ಅರಿಶಿನ ಖರೇ ಅದೋ ಬಣ್ಣ ಹಾಕಿದ್ದೋ ಎಂದು ನೋಡುತ್ತ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ಅಕ್ಕಾರ, ದೇವರನ್ನ ಪರೀಕ್ಷಾ ಮಾಡಬಾರದ್ರಿ!" ಅಂದೆ.

"ದೇವರನ್ನ ಯಾರು ಮಾಡಾಕತ್ತಾರ? ನಾ ಅಂಗಡಿಯವನ್ನ ಮಾಡಾಕತ್ತೇನಿ," ಅಂದಳು.

ಅಂಗಡಿಯವನು ಪಾಸಾದ. ಮೈಲಾರಲಿಂಗ ದೊಡ್ಡವನು.

ಇನ್ನು ನಮ್ಮೂರಿನ ಗಾಳಿಯ ವಿಷಯ. ಬ್ಯಾಡಗಿಯವರು ಸೀನುವುದಿಲ್ಲ. ಬೀಗರು ಬಸ್ಸಿನಿಂದ ಇಳಿದು ಎರಡು ಹೆಜ್ಜೆ ಇಡುವುದರೊಳಗೆ ಸೀನಲು ಶುರು ಮಾಡುತ್ತಾರೆ, ನಾವು ಪಕ್ಕದಲ್ಲಿ ನಿಂತು ಆರಾಮಾಗಿ ಉಸಿರಾಡುತ್ತ "ಹೊಸಬರಲ್ಲ" ಅಂತ ನಗುತ್ತೇವೆ. ಮೆಣಸಿನಕಾಯಿಯ ಹಂಗಾಮಿನಲ್ಲಿ ಊರಿನ ಗಾಳಿಗೇ ಒಂದು ಬಣ್ಣ ಇರುತ್ತದೆ. ತೊಟ್ಟು ಬಿಡಿಸುವವರು, ಚೀಲ ಹೊರುವವರು, ವ್ಯಾಪಾರ ಮಾಡುವವರು ಎಲ್ಲರ ಅನ್ನವೂ ಅದರಲ್ಲೇ ಇದೆ. ಅದನ್ನು ಹೊಲಸು ಅಂತ ಕರೆಯಲು ನಾಲಿಗೆ ಏಳುವುದಿಲ್ಲ.

ಹೀಗಿರುವಾಗ ಹೋದ ದೀಪಾವಳಿಯ ನಂತರ ನಮ್ಮ ಓಣಿಯ ಬೆನ್ನಿಗೆ ಖಾರ ಕುಟ್ಟುವ ಮಿಲ್ಲು ಒಂದು ಶುರುವಾಯಿತು. ಕೆಳಗೆ ಮಿಲ್ಲು, ಮೇಲೆ ಸಾವಕಾರರ ಮನೆ. ಸಾವಕಾರರು ಸಜ್ಜನರು, ಪೂಜೆಗೆ ಓಣಿಯವರನ್ನೆಲ್ಲ ಕರೆದು ಪೇಢೆ ಕೊಟ್ಟರು. ಮಿಲ್ಲಿನ ಗೋಡೆಗೆ ದೊಡ್ಡ ಫ್ಯಾನು ಕೂರಿಸಿ ಒಳಗಿನ ಧೂಳೆಲ್ಲ ಹೊರಗೆ ಹೋಗುವ ಹಾಗೆ ಮಾಡಿಸಿದ್ದರು. ಆ ಹೊರಗೆ ಅಂದರೆ ನಾವು.

ನಮಗೇನೂ ಆಗಲಿಲ್ಲ, ನಾವು ಬ್ಯಾಡಗಿಯವರು. ಆದರೆ ಅತ್ತೆಯವರಿಗೆ ಮೊದಲು ಕೆಮ್ಮು ಬಂತು, ಆಮೇಲೆ ದಮ್ಮು ಹತ್ತಿತು. ಕಟ್ಟೆಯಿಂದ ಬಾಗಿಲಿಗೆ ಬರುವುದರೊಳಗೆ ಕಂಬ ಹಿಡಿದು ನಿಲ್ಲತೊಡಗಿದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಇವರನ್ನ ಧೂಳಿಲ್ಲದ ಕಡೆ ಇಡ್ರಿ" ಅಂದರು. ಅಣ್ಣತಮ್ಮಂದಿರಿಬ್ಬರೂ ಕುಳಿತು ಮಾತಾಡಿ, ಯುಗಾದಿಯಾದ ಮೇಲೆ ಅವರನ್ನು ರಾಣೇಬೆನ್ನೂರಿನ ಮಗಳ ಮನೆಗೆ ಕಳಿಸುವುದೆಂದು ಠರಾಯಿಸಿದರು.

ಅತ್ತೆಯವರು "ನಾ ಒಲ್ಲೆ" ಅಂದರು.

"ಯಾಕ ಬೇ? ಮಗಳ ಮನಿ ಅಲ್ಲೇನು?" ಅಂತ ನಮ್ಮವರು ಕೇಳಿದರು.

"ಮಗಳ ಮನಿಯಾಗ ನಾ ಪಾವಣೇರಾಕಿ, ಬಂದು ಹೋಗಾಕಿ. ಪಾವಣೇರಿಗೆ ಚಹಾಕ್ಕ ಹೆಸರಿಡಾಕ ಬರತೈತೇನೋ?"

ನೆಗೆಣ್ಣಿ ಎದ್ದು, ಒಣ ಹಾಕಿದ್ದ ಸಂಡಿಗೆ ತೆಗೆಯಲು ಮಾಳಿಗೆ ಹತ್ತಿದಳು. ಹತ್ತಿದವಳು ಇಳಿಯಲೇ ಇಲ್ಲ. ನಾನು ಹೋಗಿ ನೋಡಿದರೆ, ಸಾಬೂದಾಣಿ ಸಂಡಿಗೆಯೊಂದನ್ನು ಬಿಸಿಲಿಗೆ ಹಿಡಿದು ಒಕ್ಕಣ್ಣಿನಿಂದ ನೋಡುತ್ತಿದ್ದಳು.

"ತಂಗಿ, ಇದು ಯಾವ ಬಣ್ಣ?"

"ಬೆಳ್ಳಗ ಐತಲ್ರೀ."

"ಸರಿಯಾಗಿ ನೋಡು."

ನೋಡಿದೆ. ಒಂದು ಮಗ್ಗುಲು ನಸುಗೆಂಪಾಗಿತ್ತು, ಮಿಲ್ಲಿನ ಕಡೆಯ ಮಗ್ಗುಲು. ಹಸಿ ಸಾಬೂದಾಣಿ ಅಂಟು ಅಂಟಾಗಿರುತ್ತದಲ್ಲ, ಗಾಳಿಯಲ್ಲಿ ಬಂದದ್ದನ್ನೆಲ್ಲ ಹಿಡಿದು ತನ್ನ ಜೊತೆಗೇ ಒಣಗಿಸಿಕೊಂಡಿತ್ತು. ನೆಗೆಣ್ಣಿ ಅದನ್ನು ನೆಕ್ಕಿದಳು. ನನಗೂ ನೆಕ್ಕಿಸಿದಳು. ಖಾರ!

ಅಂದಿನಿಂದ ಸಂಡಿಗೆಗೆ ನಮ್ಮ ಓಣಿಯಲ್ಲಿ ನೌಕರಿ ಸಿಕ್ಕಿತು.

ಶನಿವಾರದ ಭಜನೆ ಮುಗಿದು ಮಂಗಳಾರತಿ ತೆಗೆದುಕೊಂಡ ಮೇಲೆ ನೆಗೆಣ್ಣಿ ಎದ್ದು ನಿಂತು, ನಮ್ಮ ಭಜನಾ ಮಂಡಳಿ ಇನ್ನು ಮುಂದೆ ಗಾಳಿಯನ್ನೂ ನೋಡಿಕೊಳ್ಳತಕ್ಕದ್ದೆಂದು ಸಾರಿದಳು. ಮಿಲ್ಲಿನ ಹತ್ತಿರದ ಮಾಳಿಗೆ, ನಡು ಓಣಿಯ ಮಾಳಿಗೆ, ಓಣಿಯ ಆ ತುದಿಯ ಮಾಳಿಗೆ, ಎಲ್ಲ ಕಡೆ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ತರಹದ ಬಿಳಿ ಸಂಡಿಗೆ ಇಡಬೇಕು. ಸಂಜೆ ತಂದು ಪಕ್ಕಪಕ್ಕ ಇಟ್ಟು ನೋಡಬೇಕು. ಮಿಲ್ಲಿಗೆ ಅಂಟಿದ ಮಾಳಿಗೆ ಶಮಶಾದಬಿಯವರದು. ಅವರು ಜಗಲಿಯಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡು, "ನೋಡವಾ, ಭಜನಿಗೆ ನಂದೇನು ಕೆಲಸಿಲ್ಲ. ಸಂಡಿಗಿಗೆ ನಾ ತಯಾರ್," ಅಂದರು.

ಮೊದಲ ಪರೀಕ್ಷೆಯಲ್ಲಿ ಒಂದು ವಿಚಿತ್ರ ನಡೆಯಿತು. ಶಮಶಾದಬಿಯವರ ಸಂಡಿಗೆ ಕೆಂಪಾಗಿತ್ತು, ಸರಿ. ಆದರೆ ಅದಕ್ಕಿಂತ ಕೆಂಪಾಗಿದ್ದದ್ದು ಮಿಲ್ಲಿನಿಂದ ಎಲ್ಲಕ್ಕಿಂತ ದೂರದ, ಆ ತುದಿಯ ನಮ್ಮ ಮಂಡಳಿಯ ಅಧ್ಯಕ್ಷರ ಮನೆಯ ಸಂಡಿಗೆ! ನೆಗೆಣ್ಣಿ ತಲೆಗೆ ಕೈ ಹಚ್ಚಿ ಕುಳಿತಳು. ಧೂಳು ಮೇಲೆ ಹೋಗಿ ಅಲ್ಲಿಗೇ ಬಂದು ಬೀಳುತ್ತದೆ, ನಡುವೆ ಬೇವಿನ ಮರ ಗಾಳಿಯನ್ನು ತಿರುವುತ್ತದೆ ಅಂತ ಏನೇನೋ ಲೆಕ್ಕ ಹಾಕಿದಳು. ಕೈಯಲ್ಲಿ ಊದುಬತ್ತಿ ಹಿಡಿದು ಹೊಗೆ ಯಾವ ಕಡೆ ಹೋಗುತ್ತದೆಂದು ನೋಡುತ್ತ ಓಣಿಯಲ್ಲೆಲ್ಲ ತಿರುಗಿದಳು. ಎದುರು ಬಂದವರು ಯಾವ ದೇವರ ಹರಕೆಯೋ ಎಂದುಕೊಂಡು ಕೈ ಮುಗಿದರು. ಕಡೆಗೆ ಅಧ್ಯಕ್ಷರ ಮನೆಗೇ ಹೋಗಿ ಕೇಳಿದಳು.

"ನೀವು ಸಂಡಿಗಿಗೆ ಏನೇನು ಹಾಕಿದ್ರಿ?"

"ಎಲ್ಲಾ ಹಾಕೇನ್ರಿ. ಉಪ್ಪು, ಜೀರಗಿ, ಖಾರಪುಡಿ."

"ಖಾರಪುಡಿ ಹಾಕಬ್ಯಾಡ್ರಿ ಅಂದಿದ್ನಲ್ರೀ!"

"ಅಯ್ಯ, ಅದೆಂಗರೀ? ಪರೀಕ್ಷಾ ಅಂದ್ರೂ ಸಂಡಿಗಿ ಸಂಡಿಗಿನ ಅಲ್ಲೇನು? ನಾಳೆ ಯಾರರ ಬಾಯಾಗ ಹಾಕ್ಕೊಂಡು, ಸಪ್ಪಗ ಮಾಡ್ಯಾಳ ಅಂದ್ರ ಬ್ಯಾಡಗಿಯಾಗ ನಾ ಮುಖ ಎತ್ತಿ ಅಡ್ಡಾಡಬೇಕೋ ಬ್ಯಾಡೋ?"

ಇದಕ್ಕೆ ಯಾವ ವಿಜ್ಞಾನಿ ಉತ್ತರ ಕೊಡುತ್ತಾನೆ? ಅಂದಿನಿಂದ ನೆಗೆಣ್ಣಿ ತಾನೇ ಗಂಜಿ ಕುದಿಸಿ ಮನೆಮನೆಗೆ ಹಂಚತೊಡಗಿದಳು. ಹೋಲಿಸಿ ನೋಡಲು ಧೂಳಿಲ್ಲದ ಊರಿನದೂ ಬೇಕೆಂದು ಹಾವೇರಿ ಹತ್ತಿರದ ತನ್ನ ತವರಾದ ಅಗಡಿಗೂ ಡಬ್ಬಿ ಕಳಿಸಿದಳು. ಒಯ್ಯುವವರು ಯಾರು? ದಿನಾ ಹಾವೇರಿಗೆ ನೌಕರಿಗೆ ಹೋಗುವ ನಮ್ಮವರು! ಬಿಸಿ ಗಂಜಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತರೆ ಪಕ್ಕದವರು ತಾವಾಗಿಯೇ ಎದ್ದು ಹೋದರಂತೆ. ಆಂಜನೇಯನ ದಯೆ, ಹಾವೇರಿಯ ತನಕ ಕಿಟಕಿಯ ಸೀಟು ಸಿಕ್ಕಿತು. ಅಗಡಿಯಿಂದ ಒಣಗಿ ಬಂದ ಅಚ್ಚ ಬಿಳಿಯ ಸಂಡಿಗೆಯನ್ನು ಅವರು ಭಾನುವಾರ ಕರಿದುಕೊಂಡು ತಿಂದರು. ಮೇಲೆ ಹೇಳಿದ ಶಿಕ್ಷೆ ಆದದ್ದು ಆಗಲೇ.

ಪುರಾವೆ ಸಾಕಷ್ಟು ಕೂಡಿದ ಮೇಲೆ ನಾವೆಲ್ಲ ತಾಟು ಹಿಡಿದುಕೊಂಡು ಮಿಲ್ಲಿನ ಸಾವಕಾರರಲ್ಲಿಗೆ ಹೋದೆವು. ಗಟ್ಟಿ ಸಂಡಿಗೆ ಯಾರು ನೋಡುತ್ತಾರೆ, ಕರಿದರೆ ಬಣ್ಣ ಎದ್ದು ಕಾಣುತ್ತದೆ ಅಂತ ನೆಗೆಣ್ಣಿ ಕರಿದುಕೊಂಡೇ ತಂದಿದ್ದಳು. ಸಾವಕಾರರು ಕುರ್ಚಿ ಹಾಕಿಸಿ, "ಕುಂದ್ರಿ, ಕುಂದ್ರಿ" ಅಂದರು. ನೆಗೆಣ್ಣಿ ತಾಟು ಮುಂದೆ ಸರಿಸಿ ಭಾಷಣ ಶುರು ಮಾಡುವುದರೊಳಗೆ ಅವರು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಇನ್ನೊಂದು. ಮತ್ತೊಂದು.

"ಭಾಳ ಚಲೋ ಆಗ್ಯಾವ್ರಿ ಅಕ್ಕಾರ. ಹದವಾಗಿ ಖಾರ ಬಿದ್ದೈತಿ. ಯಾವ ಮೆಣಸಿನಕಾಯಿ?"

"ನಿಮ್ಮವ ರೀ," ಅಂದಳು ನೆಗೆಣ್ಣಿ.

"ನಮ್ಮಲ್ಲೇ ಒಯ್ದಿದ್ರೇನು?"

"ಇಲ್ರಿ, ನೀವ ಕಳಿಸ್ತೀರಲ್ಲ. ದಿನಾ, ಫ್ಯಾನಿನಾಗ."

ಅವರಿಗೆ ಅರ್ಥವಾಗುವ ಹೊತ್ತಿಗೆ ತಾಟು ಖಾಲಿಯಾಗಿತ್ತು. ಪುರಾವೆ ಎದುರಾಳಿಯ ಹೊಟ್ಟೆಯಲ್ಲಿತ್ತು. "ನೋಡೂಣಂತ್ರಿ" ಅಂತ ಅವರು, "ನೋಡ್ರಿ ಮತ್ತ" ಅಂತ ನಾವು. ಬರುವಾಗ ಎಲ್ಲರಿಗೂ ಒಂದೊಂದು ಪಾಕೀಟು ಖಾರಪುಡಿ ಕೊಟ್ಟರು. ನೆಗೆಣ್ಣಿ ತೆಗೆದುಕೊಳ್ಳಲಿಲ್ಲ. ನಾನು ತೆಗೆದುಕೊಂಡೆ. ಪುಡಿಯದೇನು ತಪ್ಪು?

ಆಮೇಲೆ ದೂರು ಕೊಡಲು ಒಂದು ಸರ್ಕಾರಿ ಕಚೇರಿಗೆ ಹೋದೆವು. ಸಾಹೇಬರು ಸಂಡಿಗೆಯನ್ನು ದೂರದಿಂದಲೇ ನೋಡಿ, "ಇದು ದಾಖಲೆ ಆಗೂದಿಲ್ರಿ ಅಮ್ಮಾರ, ಅಂಕಿ ಬೇಕು, ಅಂಕಿ!" ಅಂದರು. ಇಷ್ಟರಲ್ಲಿ ಹಾವೇರಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಮೇಡಂ ಒಬ್ಬರು, ಊರಿನವರೇ ಗಾಳಿಯನ್ನು ಅಳೆಯಲಿ ಎಂದು ಸಣ್ಣ ಪೆಟ್ಟಿಗೆಗಳನ್ನು ಜೋಡಿಸಿ ಹಂಚುತ್ತಾರೆಂದು ನಮ್ಮವರು ಸುದ್ದಿ ತಂದರು. ಡಬ್ಬಿ ಹೊರುವುದು ತಪ್ಪಿದರೆ ಸಾಕಾಗಿತ್ತು ಅವರಿಗೆ. ಪೆಟ್ಟಿಗೆ ಅಂದರೆ ಊಟದ ಡಬ್ಬಿಯಷ್ಟು, ಅಗ್ಗದ್ದು, ಮೊಬೈಲಿನ ಚಾರ್ಜರಿಗೆ ಸಿಕ್ಕಿಸಿದರೆ ನಡೆಯುತ್ತದೆ. ಗಾಳಿ ಚೆನ್ನಾಗಿದ್ದರೆ ಹಸಿರು ದೀಪ, ಕೆಡುತ್ತ ಬಂದರೆ ಹಳದಿ, ಕೆಟ್ಟರೆ ಕೆಂಪು. ಅಂಕಿ ಮೇಡಂ ಅವರ ಮೊಬೈಲಿಗೂ ಹೋಗುತ್ತದೆ.

ಹೊಸ ವಸ್ತು ಮನೆಗೆ ಬಂದರೆ ಸುಮ್ಮನೆ ಬಳಸಲಾಗುತ್ತದೆಯೇ? ನಾನು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಊದುಬತ್ತಿ, ಲೋಬಾನ, ಕರ್ಪೂರ ಎಲ್ಲ ಬೆಳಗಿದೆ. ಪೆಟ್ಟಿಗೆ ಕೆಂಪಾಯಿತು. ದೇವರು ಒಪ್ಪಿಕೊಂಡ ಅಂದುಕೊಂಡೆ. ಅಷ್ಟರಲ್ಲಿ ಮೇಡಂ ಅವರ ಫೋನು!

"ನಿಮ್ಮ ಮನಿಗೆ ಬೆಂಕಿ ಬಿದ್ದೈತೇನ್ರಿ?"

"ಇಲ್ರಿ ಮೇಡಂ, ಪೂಜಾ ನಡದೈತಿ."

ಅವರು ಮೆತ್ತಗೆ, "ಪೆಟ್ಟಿಗಿ ಅಂಗಳದಾಗ ಹಾಕ್ರೀ ಅಕ್ಕಾ," ಅಂದರು. ಒಳ್ಳೆಯ ಹೆಣ್ಣುಮಗಳು, ನಗಲಿಲ್ಲ. ಈಗ ನಾನು ಲೋಬಾನವನ್ನು ಹಿತ್ತಲಲ್ಲಿ ಹಾಕುತ್ತೇನೆ. ದೇವರಿಗೆ ದೂರದಿಂದಲೂ ವಾಸನೆ ಹತ್ತುತ್ತದೆ, ಅತ್ತೆಯವರಿಗೆ ಹತ್ತದಿದ್ದರೆ ಸಾಕು.

ಪೆಟ್ಟಿಗೆ ಅತ್ತೆಯವರ ಕಟ್ಟೆಯ ಮೇಲಿನ ಗೋಡೆಗೆ ಬಂತು. ಅವರು ಅದನ್ನು ಕಾಯತೊಡಗಿದರು. ಫ್ಯಾನು ಶುರುವಾಗಿ ದೀಪ ಬದಲಾದರೆ ಸಾಕು, "ದೊಡ್ಡಾಕೀ, ಕೆಂಪಾತು!" ಅಂತ ಹಿರಿಸೊಸೆಗೆ ಕೂಗು. ಕೂಗಿದ್ದಕ್ಕೆ ಕೆಮ್ಮು, ಕೆಮ್ಮಿದ್ದಕ್ಕೆ ದಮ್ಮು. "ಕೂಗಬ್ಯಾಡ್ರಿ ಅತ್ತೀ, ನಾನ ನೋಡಾಕತ್ತೇನಿ," ಅಂತ ನೆಗೆಣ್ಣಿ ಬೆನ್ನು ನೀವುವುದು. "ನಿನಗ ಬಣ್ಣ ಎಲ್ಲಿ ತಿಳೀತೈತಿ, ಬದನಿಕಾಯಿ ಕರಕಲಾಗಿದ್ದ ತಿಳೀಲಿಲ್ಲ," ಅಂತ ಇವರು. ಮಿಲ್ಲು ನಡೆಯುವ ಹೊತ್ತಿಗೆ ಕೆಂಪು, ನಿಂತ ಮೇಲೆ ಹಳದಿ. ಸಂಡಿಗೆ ಹೇಳಿದ್ದನ್ನೇ ಪೆಟ್ಟಿಗೆಯೂ ಹೇಳಿತು. ಅಂಕಿಯೊಂದಿಗೆ ಮತ್ತೆ ಕಚೇರಿಗೆ ಹೋದೆವು. ಸಾಹೇಬರು ಅಂಕಿ ನೋಡಿ, ಬಹಳ ಒಳ್ಳೆಯ ಅಂಕಿ ಎಂದು ಹೊಗಳಿ, ಇಟ್ಟುಕೊಂಡರು.

ಯುಗಾದಿ ಹತ್ತಿರ ಬಂತು. ಅತ್ತೆಯವರ ದಮ್ಮು ಹೆಚ್ಚಾಯಿತು. ಗಂಡಸರು ರಾಣೇಬೆನ್ನೂರಿಗೆ ಒಯ್ಯುವ ಕಾರಿನ ಮಾತಾಡತೊಡಗಿದರು. ಆಗ ನೆಗೆಣ್ಣಿ ತನ್ನ ಕಡೆಯ ಆಟ ಹೂಡಿದಳು.

"ಹೆಣ್ಣು ಕೊಡೂ ಮುಂದ ಮನಿ ನೋಡಾಕ ಹೋಗೂದಿಲ್ಲೇನು? ಅತ್ತೀನ್ನ ಕೊಡೂ ಮುಂದ ಗಾಳಿ ನೋಡಬ್ಯಾಡೇನು? ರಾಣೇಬೆನ್ನೂರಾಗ ಲಾರಿ ಎಷ್ಟು ಅದಾವ, ಧೂಳು ಎಷ್ಟೈತಿ, ಯಾರು ಕಂಡಾರ?"

ಸರಿ, ಒಂದು ದಿನ ಬೆಳಿಗ್ಗೆ ನಾವಿಬ್ಬರೂ ಇಳಕಲ್ ಸೀರೆ ಉಟ್ಟು, ಉಡಿ ತುಂಬುವ ಸಾಮಾನು, ಪೆಟ್ಟಿಗೆ, ಅದಕ್ಕೊಂದು ಪವರ್ ಬ್ಯಾಂಕು ಕಟ್ಟಿಕೊಂಡು ಮನೆ ನೋಡಲು ಹೊರಟೆವು. ನಾದಿನಿ ಉಪ್ಪಿಟ್ಟು ಮಾಡಿದಳು. ನೆಗೆಣ್ಣಿ ತಟ್ಟೆ ಮುಟ್ಟದೆ, ಪೆಟ್ಟಿಗೆಯನ್ನು ಪಡಸಾಲೆಯಲ್ಲಿ ಇಟ್ಟಳು. ಹಸಿರು. ಅತ್ತೆಯವರಿಗೆಂದು ತೆಗೆದಿಟ್ಟ ಕೋಣೆಯಲ್ಲಿ ಇಟ್ಟಳು. ಹಸಿರು. ಅಂಗಳ, ಹಿತ್ತಲು, ಬೀದಿ ಬಾಗಿಲು, ಎಲ್ಲ ಹಸಿರು. ಕಡೆಗೆ ಕೈ ಎತ್ತಿ ಕಿಟಕಿಯ ಹೊರಗೆ ಹಿಡಿದು ನಿಂತಳು. ಹೊರವಲಯದ ಮನೆ, ಹಿಂದೆ ಹೊಲ. ಗಾಳಿ ತಣ್ಣಗೆ ಬೀಸುತ್ತಿತ್ತು.

"ಯಾಕ ವೈನಿ, ನಮ್ಮ ಮನಿ ಪಾಸ್ ಆತೋ ಇಲ್ಲೋ?" ಅಂತ ನಾದಿನಿ ನಕ್ಕಳು.

"ಆತವಾ," ಅಂದಳು ನೆಗೆಣ್ಣಿ. ಅವಳು ಇಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, "ತಂಗಿ, ಇದು ಕೆಟ್ಟಿರಬೇಕಲ್ಲ?" ಅಂದಳು. ನಾನು ಇದ್ದರೂ ಇರಬಹುದು ಅಂದೆ. ಬ್ಯಾಡಗಿಯಲ್ಲಿ ಇಳಿದು, ಓಣಿಗೆ ಬಂದು, ಪವರ್ ಬ್ಯಾಂಕಿಗೆ ಸಿಕ್ಕಿಸಿ ಹಿಡಿದಳು. ಕೆಂಪು.

"ಕೆಟ್ಟಿಲ್ಲ," ಅಂದಳು.

ಆವತ್ತು ಅವಳು ಒಂದು ಸುಳ್ಳು ಹೇಳಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ, ಆಂಜನೇಯನ ಆಣೆಗೂ. ಆದರೆ ಅವಳು ನೇರ ಕಟ್ಟೆಗೆ ಹೋಗಿ, "ಅಲ್ಲಿ ಗಾಳಿ ಚಲೋ ಐತ್ರಿ ಅತ್ತೀ. ಹೋಗ್ರಿ," ಅಂದಳು.

ಅತ್ತೆಯವರು ಅವಳ ಮುಖ ನೋಡಿದರು. "ನೀನ ನೋಡಿ ಬಂದೀ ಅಂದ ಮ್ಯಾಲೆ ಆತು ಬಿಡು," ಅಂದರು. ಮಕ್ಕಳು ಇಷ್ಟು ದಿನ ಹೇಳಿ ಆಗದ್ದು ಒಂದು ಮಾತಿನಲ್ಲಿ ಆಯಿತು.

ಅವರು ಹೋದ ಮೇಲೆ ನೆಗೆಣ್ಣಿ ಮಿಲ್ಲಿಗೆ ಹೋಗಿ ಪೆಟ್ಟಿಗೆಯನ್ನು ಸಾವಕಾರರ ಮುಂದಿಟ್ಟಳು. ಇದು ಸುಳ್ಳು ಹೇಳುತ್ತದೆ ಅಂತ ಅವರು ಅಂದರು. "ಹಂಗಾರ ನಿಮ್ಮ ಮನ್ಯಾಗ ಇಟ್ಟು ನೋಡ್ರಿ," ಅಂತ ಮೇಲಿನ ಮನೆಯ ಅಡುಗೆಕೋಣೆಯಲ್ಲಿ ಸಿಕ್ಕಿಸಿ ಬಂದಳು. ಸಾವಕಾರರ ಹೆಂಡತಿಗೆ ಕೆಲವು ತಿಂಗಳಿಂದ ಕಣ್ಣುರಿ, ವಯಸ್ಸಿನ ತೊಂದರೆ ಎಂದುಕೊಂಡಿದ್ದರಂತೆ. ಒಲೆ ಹಚ್ಚುವ ಮೊದಲೇ ದೀಪ ಕೆಂಪಾಗಿದ್ದನ್ನು ನೋಡಿ ಅವರು ಏನೂ ಜಗಳ ಮಾಡಲಿಲ್ಲ, ಚಹಾ ಮಾಡುವುದನ್ನು ನಿಲ್ಲಿಸಿದರು, ಅಷ್ಟೆ. ವಾರ ತುಂಬುವುದರೊಳಗೆ ಫ್ಯಾನಿನ ಬಾಯಿಗೆ ಧೂಳು ಹಿಡಿಯುವ ದಪ್ಪ ಬಟ್ಟೆಯ ಚೀಲ ಬಂತು, ಕಿಟಕಿಗಳು ಮುಚ್ಚಿದವು, ಪೆಟ್ಟಿಗೆ ತಿರುಗಿ ನಮ್ಮ ಕಟ್ಟೆಯ ಗೋಡೆಗೆ ಬಂತು. ಕಚೇರಿಯಿಂದ ಆಗದ ಕೆಲಸ ಚಹಾದಿಂದ ಆಯಿತು!

ರಾಣೇಬೆನ್ನೂರಿನಿಂದ ದಿನಾ ಫೋನು ಬರುತ್ತಿತ್ತು. ಅತ್ತೆಯವರು ಊಟ ಆಯಿತೇ ಅಂತ ಕೇಳುತ್ತಿರಲಿಲ್ಲ.

"ದೊಡ್ಡಾಕೀ, ಏನು ಬಣ್ಣ ಐತಿ?"

"ಹಳದಿ ರೀ."

"ಹೂಂ," ಅಂತ ಇಟ್ಟುಬಿಡುವುದು.

ಹಳದಿ ಹೋಗಿ ಹಸಿರಾದ ದಿನ ನಾನೇ ಮೊದಲು ನೋಡಿದೆ. ಮಿಲ್ಲು ನಡೆಯುತ್ತಿತ್ತು, ದೀಪ ಹಸಿರು! ಕೈ ಮುಗಿದು, ಓಡಿಹೋಗಿ ನೆಗೆಣ್ಣಿಗೆ ಹೇಳಿದೆ. ಅವಳು ನೋಡಿ, ತನ್ನ ಕೆಲಸಕ್ಕೆ ಹೋದಳು. ಸಂಜೆ ಫೋನು ಬಂದರೆ "ಹಳದಿ ರೀ" ಅಂದುಬಿಟ್ಟಳು! ನಾನು ದಂಗಾದೆ. ಮರುದಿನವೂ ಹಸಿರು, ಮರುದಿನವೂ "ಹಳದಿ ರೀ". ಮಾಳಿಗೆಯ ಮೇಲೆ ಮತ್ತೆ ಸಂಡಿಗೆ ಇಟ್ಟಳು, ಬೆಳ್ಳಗೆ ಬಂತು. ಆದರೂ "ಹಳದಿ ರೀ". ಇಷ್ಟು ಬೇಗ ಅತ್ತೆ ಬರುವುದು ಇವಳಿಗೇ ಬೇಡವಾಯಿತೇ ಎಂದು, ದೇವರು ಕ್ಷಮಿಸಲಿ, ನನ್ನ ಮನಸ್ಸಿಗೂ ಬಂದಿತು.

ಹಾಗೇ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳೇ ಫೋನು ಹಚ್ಚಿದಳು. ನಾನು ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದೆ.

"ಅತ್ತೀ, ಹಸರಾತ್ರಿ."

"ಇವತ್ತ ಆತೇನು?"

"ಇಲ್ರಿ. ಆಗಿ ಭಾಳ ದಿನಾ ಆತ್ರಿ."

"ಮತ್ತ್ಯಾಕ ಸುಳ್ಳ ಹೇಳಿದಿ?"

ನೆಗೆಣ್ಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಖಾತ್ರಿ ಮಾಡ್ಕೊಳ್ಳಾಕತ್ತಿದ್ದೆ ರೀ. ನೀವು ಬಂದು, ಮತ್ತ ಕೆಮ್ಮು ಹತ್ತಿ, ಮತ್ತೊಮ್ಮೆ ಕಾರು ಹತ್ತಿ ಹೋಗೂದನ್ನ... ನನಗ ನೋಡಾಕ ಆಗೂದಿಲ್ರಿ ಅತ್ತೀ."

ಆ ಕಡೆ ಉಸಿರು ಮಾತ್ರ ಕೇಳಿಸುತ್ತಿತ್ತು. ಸಲೀಸಾದ ಉಸಿರು, ನಡುವೆ ಎಲ್ಲೂ ತಡೆಯಿಲ್ಲ. ನೆಗೆಣ್ಣಿ ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಅದನ್ನು ಕೇಳುತ್ತ ಕುಳಿತಳು. ನಾನು ಶೇಂಗಾ ಸುಲಿಯುವುದನ್ನು ನಿಲ್ಲಿಸಿದೆ, ಸದ್ದಾಗಬಾರದೆಂದು.

"ಚೀಲ ಕಟ್ಟಿಟ್ಟೇನಿ," ಅಂದರು ಅತ್ತೆಯವರು. "ಯಾರರ ಬರ್ರಿ."

ನೆಗೆಣ್ಣಿ ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಕಿವಿಗಿಟ್ಟು "ಹಲೋ" ಅನ್ನುವುದರೊಳಗೆ ಅವಳು ಉಟ್ಟ ಸೀರೆಯಲ್ಲೇ ಅಂಗಳ ದಾಟಿ, ಬಸ್ ಸ್ಟ್ಯಾಂಡಿನ ಕಡೆಗೆ ನಡೆದೇಬಿಟ್ಟಿದ್ದಳು.